ಐದನೇ ಗಿರಾಕಿಯ ಪ್ಯಾಕೆಟ್ಟು

“ರಂಜನಾ, ಐದನೇ ಗಿರಾಕಿದು ಈಮೇಲ್ ಸ್ವಲ್ಪ ತಗದು ನೋಡವಾ,” ಎನ್ನುತ್ತ ಮಾಲೀಕ ಸಿದ್ದಲಿಂಗಪ್ಪ ಒಬ್ಬನನ್ನು ಕರೆತಂದು ಅವಳೆದುರು ಕೂರಿಸಿದರು. “ಇವ್ರು ಈರಬಸಪ್ಪ, ನಮ್ಮ ಬೀಗರ ಪೈಕಿ. ಇವ್ರ ಹೆಂಡ್ತಿ ಸುಮಂಗಲಾ ಮನಿ ಬಿಟ್ಟು ಹೋಗ್ಯಾಳ.”

ಐದನೇ ಗಿರಾಕಿ ಎಂದರೆ ಹೊಡೆತ ತಿಂದು ಬಂದ ಹೆಂಗಸರಿಗೆ ನೆಲೆ ಕೊಡುವ ಸಂಸ್ಥೆ. ಕೋಥರೂಡದ ಆ ಸಣ್ಣ ಕಂಪನಿಯಲ್ಲಿ ಒಂದೇ ದೊಡ್ಡ ಯಂತ್ರ. ಅದರೊಳಗೆ ಸಾಫ್ಟ್‌ವೇರಿನಿಂದಲೇ ಕಟ್ಟಿದ ಹನ್ನೆರಡು ವರ್ಚುವಲ್ ಕಂಪ್ಯೂಟರುಗಳು, ಹನ್ನೆರಡು ಗಿರಾಕಿಗಳಿಗೆ ಬಾಡಿಗೆಗೆ. ಅವುಗಳ ನಡುವೆ ಓಡಾಡುವ ಪ್ಯಾಕೆಟ್ಟುಗಳನ್ನು, ಅಂದರೆ ಈಮೇಲ್‌ನಂಥ ಮಾಹಿತಿಯ ಕಟ್ಟುಗಳನ್ನು, ಕರ್ನಲ್‌ನಲ್ಲೇ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಗರ್ಭದಲ್ಲೇ, ಗುರುತು ಹಿಡಿದು ತಡೆಯುವ ಪ್ರೋಗ್ರಾಮನ್ನು ರಂಜನಾ ಬರೆದಿದ್ದಳು. ಬರೆದದ್ದು ವೈರಸ್ ಹಿಡಿಯಲೆಂದು.

“ಭಾಳ ಚಿಂತಿ ಆಗೇದ ತಂಗಿ,” ಎಂದ ಈರಬಸಪ್ಪ. ದನಿ ಬೆಣ್ಣೆಯಂತಿತ್ತು.

ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಹುಡುಕಬೇಕಾದ ಹೆಸರನ್ನು ಒತ್ತಿದಳು. ಸ್ವಲ್ಪ ಹೊತ್ತಿಗೆ ಒಂದು ಪ್ಯಾಕೆಟ್ಟು ಸಿಕ್ಕಿಬಿದ್ದು ಪರದೆಯ ಮೇಲೆ ಬಿಚ್ಚಿಕೊಂಡಿತು: ಸುಮಂಗಲಾ ಸಾಸವಡ ಊರಿನ ನಮ್ಮ ಸಂಸ್ಥೆಯ ಮನೆಯಲ್ಲಿದ್ದಾಳೆ, ಎಡಗೈಯ ಮೂಳೆ ಎರಡು ಕಡೆ ಮುರಿದಿದೆ, ಗಂಡನಿಗೆ ಸುಳಿವು ಸಿಕ್ಕರೆ ಜೀವ ಉಳಿಯದು.

ರಂಜನಾ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಏನರೆ ಬಂತೇನ?” ಈರಬಸಪ್ಪ ಎದ್ದು ಮೇಜು ಸುತ್ತಿ ಬರತೊಡಗಿದ.

ಕರ್ನಲ್‌ನೊಳಗಿನ ಪ್ರೋಗ್ರಾಮು ಎಡವಿದರೆ ಇಡೀ ಯಂತ್ರವೇ ಕುಸಿಯುತ್ತದೆ. ಎಡವಿಸುವುದು ಹೇಗೆಂದು ಬರೆದವಳಿಗೆ ಗೊತ್ತಿತ್ತು. ಒಂದು ಸಾಲು ಒತ್ತಿದಳು. ಪತ್ರ ಮಾಯವಾಗಿ, ಪರದೆಯ ತುಂಬ ಬಿಳಿ ಅಂಕಿಗಳು ದಬದಬ ಸುರಿದು, ನಿಂತುಬಿಟ್ಟವು.

“ಅಯ್ಯಯ್ಯ, ಹನ್ನೆರಡೂ ಸತ್ತವಲ್ಲವಾ!” ಸಿದ್ದಲಿಂಗಪ್ಪ ತಲೆ ಹಿಡಿದುಕೊಂಡರು.

“ಮತ್ತ ಚಾಲೂ ಆಗಾಕ ಅರ್ಧಾ ತಾಸು ಬೇಕ್ರಿ,” ಎಂದಳು ರಂಜನಾ.

“ನನಗೇನೂ ಅವಸರಿಲ್ಲ,” ಎಂದ ಈರಬಸಪ್ಪ. “ಕುಂತಿರ್ತೀನಿ.”

ಚಹಾ ಹೇಳಿ ಬರುವ ನೆಪದಲ್ಲಿ ರಂಜನಾ ಕೆಳಗಿಳಿದು, ಕಿರಾಣಿ ಅಂಗಡಿಯ ಕಾಯಿನ್ ಫೋನಿನಿಂದ ಸಂಸ್ಥೆಗೆ ಕರೆ ಮಾಡಿದಳು. ಸುಮಂಗಲಾಳನ್ನು ಈಗಿಂದೀಗ ಸಾಸವಡದಿಂದ ಸಾಗಿಸಿ ಎಂದು ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿದಳು.

ಆ ಕಡೆಯ ಹೆಂಗಸು ಮರಾಠಿಯಲ್ಲೇ ಕೇಳಿದಳು: “ಅವಳು ಅಲ್ಲಿರೋದು ನಿಮಗೆ ಹೇಗೆ ಗೊತ್ತು? ಯಾರು ನೀವು?”

“ನಿಮ್ಮ ಪತ್ರ ಓದಿದವಳು,” ಎಂದಳು ರಂಜನಾ.

ಆ ಹೆಂಗಸು “ಜೀಪು ತೆಗೀರಿ!” ಎಂದು ಯಾರಿಗೋ ಚೀರಿದ್ದು ಕೇಳಿಸಿತು. ಫೋನು ಕಟ್ಟಾಯಿತು.

ಉಸಿರು ಬಿಟ್ಟು ತಿರುಗಿದರೆ, ಬೆನ್ನ ಹಿಂದೆಯೇ ಒಂದು ರೂಪಾಯಿ ಬಿಲ್ಲೆ ಹಿಡಿದು ಈರಬಸಪ್ಪ ನಿಂತಿದ್ದ.

“ಮುಗೀತೇನ ತಂಗಿ, ನಿಂದು? ಸಾಸವಡಕ್ಕ ನಂದೂ ಒಂದು ಫೋನ್ ಅದ.”