ತೊಳೆಯದ ಹೆಲ್ಮೆಟ್

"ಯಾವುದು ಬೇಕೋ ಆರಿಸ್ಕೋ ಗ್ಲೆಂಡಾ. ಆದ್ರೆ ಯೋಚನೆ ಮಾಡಿ ಆರಿಸ್ಕೋ," ಎಂದು ಲೆಫ್ಟಿನೆಂಟ್ ಬಾರ್ನಿ ಸೌಜಾ ಎರಡು ಚರ್ಮದ ಹೆಲ್ಮೆಟ್‌ಗಳನ್ನು ಅಗ್ನಿಶಾಮಕ ಠಾಣೆಯ ಅಡುಗೆಮನೆಯ ಮೇಜಿನ ಮೇಲಿಟ್ಟ. ಸುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಒಂದು ಹೊಸದು. ಕೆಲಸಕ್ಕೆ ಸೇರಿದ ಹೊಸಬರನ್ನು ಒರೆಗೆ ಹಚ್ಚುವ ಮೊದಲ ವರ್ಷ ಮುಗಿದ ಮರುದಿನವೇ ಗ್ಲೆಂಡಾ ಫುರ್ತಾಡೊ ಅಂಗಡಿಗೆ ಹೋಗಿ, ಹೊಲಿಗೆ ಎಳೆದು, ಅಂಚು ತಡವಿ, ತಲೆಗೆ ಹೊಂದಿಸಿ ನೋಡಿ ತಂದದ್ದು. ಇನ್ನೊಂದು, ಹೋದ ಚಳಿಗಾಲದಲ್ಲಿ ತೀರಿಕೊಂಡ ವೆಂಡೆಲ್ ಪಚೇಕೊನದು. ಬಡ್ತಿ ಬೇಡವೆಂದು ಮೂವತ್ತು ವರ್ಷ ಏಣಿ ಹತ್ತಿದ ಮನುಷ್ಯ ಅವನು. ಬೆಂಕಿಯ ಝಳಕ್ಕೆ ಅವನ ಹೆಲ್ಮೆಟ್ಟಿನ ಅಂಚು ಹಪ್ಪಳದಂತೆ ಸುರುಟಿತ್ತು. ಮುಂದಿನ ಚರ್ಮದ ಬಿಲ್ಲೆಯ ಮೇಲಿನ ಠಾಣೆಯ ಸಂಖ್ಯೆಯೂ ಕಾಣದಷ್ಟು ಮಸಿ ಕಟ್ಟಿತ್ತು. ಮಸಾಚುಸೆಟ್ಸ್‌ನ ಆ ಬಂದರು ಊರಿನ ಠಾಣೆಯಲ್ಲಿ ಯಾರೂ ಹೆಲ್ಮೆಟ್ ತೊಳೆಯುತ್ತಿರಲಿಲ್ಲ. ಮಸಿ ಹೆಚ್ಚಿದಷ್ಟೂ ಮರ್ಯಾದೆ ಹೆಚ್ಚು.

"ವೆಂಡೆಲ್‌ನ ಟೋಪಿ ಹಾಕ್ಕೊಂಡ್ರೆ ನಾಳೆಯಿಂದ ನಿನ್ನನ್ನ ಯಾರೂ ಹೊಸಬಳು ಅನ್ನಲ್ಲ," ಎಂದ ಬಾರ್ನಿ. "ನಿನ್ನದನ್ನ ಹಾಕ್ಕೊಂಡ್ರೆ ಮದುವಣಗಿತ್ತಿ ಥರ ಮಿಂಚ್ತೀಯ, ಅಷ್ಟೇ."

ಮತ್ತೆ ನಗು. ಗ್ಲೆಂಡಾ ಆ ಠಾಣೆಗೆ ಬಂದ ಮೊದಲ ಹೆಂಗಸು. ವರ್ಷವಿಡೀ ನೆಲ ಒರೆಸಿದ್ದಳು, ಎಲ್ಲರಿಗೂ ಕಾಫಿ ಮಾಡಿಕೊಟ್ಟಿದ್ದಳು, ಚುಚ್ಚುಮಾತು ನುಂಗಿದ್ದಳು. ಇವತ್ತು ಬೇಡವೆಂದರೆ ಆ ವರ್ಷವೆಲ್ಲ ನೀರಿಗೆ ಹೋದಂತೆ. ಅವಳ ಕೈ ಹಳೆಯದರ ಕಡೆಗೇ ಸರಿಯಿತು.

"ತಾಳು, ಹಾಗಲ್ಲ. ಡೊಲೊರೆಸ್ ಕೈಯಾರೆ ಕೊಡ್ಲಿ," ಎಂದು ಬಾರ್ನಿ ಹಳೆಯ ಹೆಲ್ಮೆಟ್ಟನ್ನು ಎತ್ತಿ ವೆಂಡೆಲ್‌ನ ಹೆಂಡತಿಯ ಮಡಿಲಲ್ಲಿಟ್ಟ. ಇದಕ್ಕಾಗಿಯೇ ಅವರನ್ನು ಕರೆಸಿದ್ದರು. ಡೊಲೊರೆಸ್ ಎಲ್ಲರಿಗೂ ಒಂದು ಡಬ್ಬಿ ಮಲಸಾದಾ ಎಂಬ ಸಿಹಿ ಬೋಂಡಾ ಕರಿದು ತಂದು, ಕೋಟು ಕೂಡ ಬಿಚ್ಚದೆ ಒಂದು ಮೂಲೆಯಲ್ಲಿ ಕೂತಿದ್ದರು. ಅವರು ಹೆಲ್ಮೆಟ್ಟನ್ನು ಮೂಸಿದರು. ಒಳಗೆ ಬೆರಳಾಡಿಸಿದರು. ಬೆರಳು ಕಪ್ಪಾಯಿತು.

"ಇದನ್ನ ಹೀಗೇ ಇಟ್ಟಿದ್ದೀರಾ?"

"ಒಂದು ಚೂರೂ ಮುಟ್ಟಿಲ್ಲ," ಎಂದು ಬಾರ್ನಿ ಎದೆಯುಬ್ಬಿಸಿದ. "ಅವನು ಬಿಟ್ಟುಹೋದ ಹಾಗೇ ಇದೆ."

"ಅವನನ್ನ ತಿಂದ ಹಾಗೇ ಇದೆ ಅನ್ನು."

ಡೊಲೊರೆಸ್ ಎದ್ದು ನೇರವಾಗಿ ಸಿಂಕಿಗೆ ಹೋದರು. ತೂತಿಗೆ ಬಿರಡೆ ಹಾಕಿ ನಲ್ಲಿ ತಿರುಗಿಸಿದರು, ಪಾತ್ರೆ ತೊಳೆಯುವ ಸೋಪು ಸುರಿದರು, ಬ್ರಷ್ ತೆಗೆದುಕೊಂಡರು.

"ಅಯ್ಯೋ, ಬೇಡಿ ಡೊಲೊರೆಸ್!" ಬಾರ್ನಿ ಓಡಿ ಬಂದ. "ಮೂವತ್ತು ವರ್ಷದ ಮಸಿ ಅದು! ಅವನ ಪದಕ ಅದು!"

"ಪದಕಾನಾ? ಈ ಪದಕದ ಪಕ್ಕದಲ್ಲೇ ನನ್ನ ಮಕ್ಕಳು ಕಾರಿನ ಹಿಂದಿನ ಸೀಟಲ್ಲಿ ಕೂತು ಸ್ಕೂಲಿಗೆ ಹೋದ್ರು ಕಣೋ! ತೊಳಿ ಮಾರಾಯ ಅಂದಾಗೆಲ್ಲ, 'ಠಾಣೆ ಹುಡುಗರು ನಗ್ತಾರೆ' ಅಂತಿದ್ದ. ಕೊನೆಗೆ ಕ್ಯಾನ್ಸರ್ ಆಗಿ ಗಂಟಲಲ್ಲಿ ನೀರೂ ಇಳೀತಿರ್ಲಿಲ್ಲ. ಎಷ್ಟು ವರ್ಷದಿಂದ ಸಿಗರೇಟು ಸೇದ್ತಾರೆ ಅಂತ ಡಾಕ್ಟರು ಕೇಳಿದ್ರು. ಒಂದು ದಿನಾನೂ ಸೇದಿದವನಲ್ಲ ಅಂದೆ. ಏನು ಕೆಲಸ ಅಂದ್ರು. ಹೇಳಿದೆ. ಅವರು ಮತ್ತೆ ಏನೂ ಕೇಳ್ಲಿಲ್ಲ. ನೀವೇನು ಮಾಡಿದ್ರಿ? ಸಾಲಾಗಿ ಬಂದ್ರಿ, ಅವನ ಶವದ ಪೆಟ್ಟಿಗೆ ಹೊತ್ರಿ, ಅದರ ಮೇಲೆ ಇದನ್ನೇ ತಂದು ಇಟ್ರಿ! ಈಗ ಇದನ್ನ ಈ ಹುಡುಗಿ ತಲೆಗೆ ಹಾಕ್ತೀರಾ?"

ಗಾಡಿ ಓಡಿಸುವ ನೆಡ್ ತಲೆ ತಗ್ಗಿಸಿ, "ಒಂದ್ಸಲ ಇದನ್ನ ತೊಳ್ಕೊಂಡು ಬಂದಿದ್ದ," ಎಂದ. "ನಾವು ಬೇಸಿಗೆ ಮುಗಿಯೋ ತನಕ ಅವನನ್ನ ಮದುವಣಗಿತ್ತಿ ಅಂತ ಕರೆದ್ವಿ."

ಗ್ಲೆಂಡಾ ಗೂಟದಿಂದ ರಬ್ಬರ್ ಕೈಗವಸು ತೆಗೆದು ಹಾಕಿಕೊಂಡಳು. "ಬರಿಗೈಯಲ್ಲಿ ಬೇಡ ಅಮ್ಮಾ, ಇಲ್ಲಿ ಕೊಡಿ," ಎಂದು ಡೊಲೊರೆಸ್ ಕೈಯಿಂದ ಬ್ರಷ್ ತೆಗೆದುಕೊಂಡು ಉಜ್ಜತೊಡಗಿದಳು. ನೀರು ಡಾಂಬರಿನಂತಾಯಿತು. ಉಜ್ಜುತ್ತಾ ಉಜ್ಜುತ್ತಾ ಬಿಲ್ಲೆಯ ಮೇಲೆ ಕೆಂಪು ಬಣ್ಣದ ಏಳರ ಅಂಕಿ ಮೂಡಿತು. ಅದು ಕೆಂಪೆಂಬುದನ್ನೇ ಅಲ್ಲಿದ್ದವರು ಮರೆತಿದ್ದರು. ಅವಳು ತಿರುಪು ಬಿಚ್ಚಿ ಬಿಲ್ಲೆಯನ್ನು ತೆಗೆದಳು, ಒರೆಸಿದಳು, ತನ್ನ ಹೊಸ ಹೆಲ್ಮೆಟ್ಟಿನ ಮುಂದಕ್ಕೆ ಕೂರಿಸಿದಳು.

"ಬಿಲ್ಲೆ ಅವರದು, ಟೋಪಿ ನನ್ನದು. ಪ್ರತಿ ಬೆಂಕಿ ಆದ್ಮೇಲೂ ಇದೇ ಸಿಂಕಲ್ಲಿ ತೊಳೀತೀನಿ. ನಗೋರು ಈಗ್ಲೇ ನಕ್ಕುಬಿಡಿ."

ಯಾರೂ ನಗಲಿಲ್ಲ. ಬಾರ್ನಿ ಮಾತ್ರ ಸಿಂಕಿನೊಳಗೆ ಬಗ್ಗಿ ನೋಡುತ್ತಾ, "ವೆಂಡೆಲ್‌ನ ಗುರುತೇ ಅಳಿಸಿಹಾಕಿದ್ರಲ್ಲಾ," ಎಂದು ಗೊಣಗಿದ.

"ಅವನು ಇದನ್ನ ಕೊಂಡಾಗ್ಲೂ ಮಸಿ ಇರ್ಲಿಲ್ಲ," ಎಂದರು ಡೊಲೊರೆಸ್, ತೊಳೆದ ಹೆಲ್ಮೆಟ್ಟನ್ನು ಟವೆಲಿನಲ್ಲಿ ಸುತ್ತುತ್ತಾ. "ಈಗ ಇದನ್ನ ಮನೆ ಒಳಗೆ ಇಟ್ಕೋಬಹುದು."

ಗ್ಲೆಂಡಾ ಬಿರಡೆ ಕಿತ್ತಳು. ಕಿತ್ತ ರಭಸಕ್ಕೆ ಕಪ್ಪು ನೀರು ಮೇಲೆ ಸಿಡಿಯಿತು. ಸಮಾರಂಭಕ್ಕೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ ಬಾರ್ನಿ, ಎದೆಗೆ ಎರಡೂ ಕೈ ಅಡ್ಡ ಹಿಡಿದು ಥಟ್ಟನೆ ಹಿಂದಕ್ಕೆ ಜಿಗಿದ.

"ಯಾಕಪ್ಪಾ ಬಾರ್ನಿ, ಹಿಂದೆ ಹೋದೆ?" ಎಂದರು ಡೊಲೊರೆಸ್. "ಪದಕ ತಾನೇ?"