ಹೊಸ ಕಾರಿನ ಕೂಗು

ಮದುವೆ ಛತ್ರದ ಮಹಡಿಯಲ್ಲಿ ಊಟದ ಪಂಕ್ತಿಗೆ ಕಾದೂ ಕಾದೂ ಗಂಡ ಹೆಂಡತಿ ಇಬ್ಬರಿಗೂ ಸಾಕಾಗಿತ್ತು. ಕೆಳಗೆ ಬಿಸಿಲಲ್ಲಿ ನಿಂತಿದ್ದ ಅವರ ಹೊಸ ಕಾರು ಮತ್ತೆ ಕೂಗತೊಡಗಿತು. ಅವನು ಕಿಟಕಿಯಿಂದಲೇ ರಿಮೋಟ್ ಒತ್ತಿ ಅಲಾರಂ ನಿಲ್ಲಿಸಿ, ಪುನಃ ಲಾಕ್ ಮಾಡಿದ.

"ಎಷ್ಟು ಸಲ ರೀ ಇದು? ಎಲ್ಲರೂ ನಮ್ಮನ್ನೇ ನೋಡ್ತಿದಾರೆ."

"ಕಂಪನಿ ಅಲಾರಂ ಕಣೇ. ಲಾಕ್ ಮಾಡಿದ್ಮೇಲೆ ಒಳಗೆ ಒಂದು ನೊಣ ಹಾರಾಡಿದ್ರೂ ಬಡ್ಕೊಳ್ಳತ್ತೆ. ಬಾಗಿಲು ಒಳಗಿಂದಾನೂ ತೆಗೆಯೋಕಾಗಲ್ಲ."

"ಡ್ರೈವರ್‌ಗಾದ್ರೂ ಫೋನ್ ಮಾಡಿ, ಏನಾಗಿದೆ ನೋಡ್ಲಿ."

"ಫೋನು ಮನೇಲೇ ಮರೆತು ಬಂದಿದಾನೆ. ಹೋಗ್ಲಿ ಬಿಡು, ಅವನು ಮೊದಲನೇ ಪಂಕ್ತೀಲೇ ಕೂತಿರ್ತಾನೆ. ಇಳಿಯುವಾಗ ನೀನು ಊಟಕ್ಕೆ ಬಾ ಅಂದೆ ತಾನೆ?"

ಕೆಳಗೆ ಕಾರು ಮತ್ತೆ ಕೂಗಿತು. ಅವಳು ಗಂಡನ ಕೈಯಿಂದ ರಿಮೋಟ್ ಕಿತ್ತುಕೊಂಡಳು.

"ಇಲ್ಲ ರೀ. ನಾವು ಬರೋವರೆಗೂ ಕಾರಲ್ಲೇ ಕೂತಿರು ಅಂದಿದ್ದೆ."