ಎರಡನೆಯ ಡಿಸ್ಕ್

ಗಂಡ ಹೊಲಕ್ಕೆ ಹೋದಾಗಲೆಲ್ಲ ಸುನಂದಾ ಮನೆಯ ಕಂಪ್ಯೂಟರಿನಲ್ಲಿ ಅಣ್ಣನಿಗೆ ಪತ್ರ ಬರೆಯುವಳು: ಬಂದು ನನ್ನನ್ನು ಕರೆದುಕೊಂಡು ಹೋಗು. ಕಳಿಸುವ ಧೈರ್ಯ ಸಾಲದೆ, ಗಂಡ ಮರಳುವ ಮೊದಲೇ ಅಳಿಸಿಬಿಡುವಳು.

ಜಾಗ ಸಾಲದೆಂದು ಗಂಡ ಕರೆಸಿದ್ದ ರಿಪೇರಿಯವನು, ಹೊಸ ಹಾರ್ಡ್ ಡಿಸ್ಕ್ ಕೂರಿಸಲು ಪೆಟ್ಟಿಗೆ ಬಿಚ್ಚಿದ.

"ಅಕ್ಕಾರ, ಇದರಾಗ ಆಗ್ಲೇ ಎರಡು ಅದಾವಲ್ರೀ."

"ಎರಡು ಯಾಕ?"

"ಒಂದರಾಗ ಬರದದ್ದು ಇನ್ನೊಂದರಾಗೂ ನಕಲಾಗಿ ಕೂಡ್ತೈತ್ರಿ. ಇಲ್ಲಿ ಅಳಿಸಿದ್ರೂ ಅಲ್ಲಿ ಉಳೀತೈತಿ."

ಅವಳು ಚಹದ ಕಪ್ಪನ್ನು ಮೇಜಿನ ಮೇಲಿಟ್ಟು ಪೆಟ್ಟಿಗೆಯತ್ತ ಬಾಗಿದಳು.

"ಅದನ್ನ ತೆಗದು ಒಗೀರಿ. ಅವರು ಬರೂದ್ರಾಗ."

ಹೊಸ್ತಿಲಲ್ಲಿ ಗಂಡ ಚಪ್ಪಲಿ ಬಿಡುತ್ತಿದ್ದ.

"ಇರ್ಲಿ ಬಿಡಪಾ, ತೆಗೀಬ್ಯಾಡ. ನಿಮ್ಮಕ್ಕಾರು ನಿನ್ನಿ ಬರದದ್ದು ನಾ ಇನ್ನೂ ಓದಿಲ್ಲ."